ಭಂಡಾರದ ಆಣೆ
ಸಿಂದಗಿ ಸಂತೆಯ ಕುರಿ ದಲ್ಲಾಳಿ ಸೋಮನಿಂಗನ ಟವೆಲ್ಲಿಗೆ ಬಿಡುವೆಂಬುದಿಲ್ಲ. ಕುರಿಯ ದರ ಕುದುರಿಸುವಾಗ ಅದರಡಿ ಅವನ ಬೆರಳೂ ಗಿರಾಕಿಯ ಬೆರಳೂ ಮಾತಾಡಿಕೊಳ್ಳುತ್ತವೆ. ಬಿಟ್‌ಕಾಯಿನ್ ದರ ನೋಡುವಾಗಲಂತೂ ಫೋನಿನ ಸಮೇತ ತಲೆಯನ್ನೇ ಅದರಡಿ ತೂರಿಸುತ್ತಿದ್ದ. ಕುರಿಗಳೂ ಪಾಸ್‌ವರ್ಡ್ ಕದ್ದಾವೆಂಬ ಗುಮಾನಿ. ಹೆಂಡತಿ ಚಂದವ್ವ ಚಹಾ ತಂದರೂ, "ಹಿಂದಕ್ಕ ಸರಿ, ಕೀಲಿ ತೆಗ್ಯಾಕತ್ತೇನಿ" ಎನ್ನುತ್ತಿದ್ದ. ಪಕ್ಕದ ಮೋರಟಗಿಯಿಂದ ಸಂತೆಗೆ ಬಂದವರಿಗೆಲ್ಲ ಒಂದೇ ಉಪದೇಶ: "ಆನ್‌ಲೈನ್‌ದಾಗ ಹಡೆದಪ್ಪನ್ನೂ ನಂಬಬ್ಯಾಡ್ರಿ." ಅಂಥವನು, ಕಾಯಿನ್ ಕೊಳ್ಳುತ್ತೇನೆಂದ ಅಪರಿಚಿತನೊಬ್ಬ ವಿಡಿಯೋ ಕರೆಯಲ್ಲಿ ಕುಲದೇವರು ಬೀರಪ್ಪನ ಭಂಡಾರವನ್ನು, ಆ ಪವಿತ್ರ ಅರಿಸಿನವನ್ನು, ಹಣೆಗೆ ಬಳಿದುಕೊಂಡು ಮೋಸ ಮಾಡುವುದಿಲ್ಲವೆಂದು ಆಣೆ ಮಾಡಿದನೆಂದು, ಹೆಂಡತಿಗೂ ಹೇಳದ, ಕಾಯಿನ್ ಖಾತೆ ತೆರೆಯುವ ಗುಪ್ತ ಪದಗಳನ್ನೆಲ್ಲ ಒಂದೊಂದಾಗಿ ಓದಿ ಹೇಳಿಬಿಟ್ಟ. ಟವೆಲ್ಲು ಸರಿಸುವಷ್ಟರಲ್ಲಿ ಕುರಿ ಮಾರಿಸಿ ಕೂಡಿಸಿ ಕಾಯಿನ್‌ಗೆ ಹಾಕಿದ್ದೆಲ್ಲ ಹೋಗಿತ್ತು. ಚಂದವ್ವ ಬೈಯಲಿಲ್ಲ, "ಭಂಡಾರ ಮುಟ್ಟ್ಯಾನಂದ್ರ ನಾ ಆದ್ರೂ ಹೇಳತಿದ್ನಿ" ಎಂದಳು. ಅವನು ಈಗಲೂ ಸಂತೆಗೆ ಬರುತ್ತಾನೆ, ಟವೆಲ್ಲಿನಡಿ ಬೆರಳು ಹಿಡಿಯುತ್ತಾನೆ. ಆದರೆ ಮೊನ್ನೆ ಬಾಲ್ಯದ ಗೆಳೆಯ ಸಿದ್ಧರಾಮ, ತನ್ನ ಕುರಿಗೆ ರೋಗವಿಲ್ಲವೆಂದು ಆಣೆ ಮಾಡಲು ತನ್ನ ಸೊಂಟದ ಭಂಡಾರದ ಚೀಲಕ್ಕೆ ಕೈ ಹಾಕಿದಾಗ, ಸೋಮನಿಂಗ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಬ್ಯಾಡೋ ಸಿದ್ಧ, ಭಂಡಾರ ಮುಟ್ಟಬ್ಯಾಡ. ಮುಟ್ಟಿದ್ರ ನಾ ನಂಬತೇನಿ."