ಕೆಂಪು ಮಣ್ಣಿನ ಜಗಳ

ನನ್ನ ಮಗಳಿಗೆ ಹೆಣ್ಣು ಮಗುವಾಯಿತು! ಮೊನ್ನೆ ಭಾನುವಾರ, ಮಂಡ್ಯದ ಆಸ್ಪತ್ರೆಯಲ್ಲಿ, ಬಿಸಿಲು ಇನ್ನೂ ಇಳಿಯದಿರುವಾಗ. ತಲೆತುಂಬ ಕರಿ ಕೂದಲು, ಬಿಗಿಹಿಡಿದ ಪುಟ್ಟ ಮುಷ್ಟಿ. ಅತ್ತರೆ ನರ್ಸಮ್ಮನ ಮಾತೇ ಕೇಳಿಸುವುದಿಲ್ಲ. ನಾನು ಅಜ್ಜಿಯಾದೆ. ಕೊತ್ತತ್ತಿಯ ನಮ್ಮ ಬೀದಿಯಲ್ಲಿ ಎದುರಿಗೆ ಸಿಕ್ಕವರಿಗೆಲ್ಲ ಹೇಳಿಯಾಯಿತು, ಹಾಲಿನವನಿಗೆ ಎರಡು ಸಲ ಹೇಳಿದೆ, ಆದರೂ ಹೊಟ್ಟೆಯೊಳಗಿನ ಸಂತೋಷ ಖಾಲಿಯಾಗುತ್ತಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬರೆದೇ ಬರೆಯುತ್ತೇನೆ. ಯಾಕೆಂದರೆ ಈ ಮಗು ಬರುವ ಮೊದಲು ನಮ್ಮ ಮನೆ ಎರಡು ಹೋಳಾಗಿತ್ತು. ಹೋಳಾದದ್ದು ಆಸ್ತಿಗಲ್ಲ, ಒಡವೆಗಲ್ಲ. ಟೆನಿಸ್ ಆಟಕ್ಕೆ.

ನಮ್ಮ ಯಜಮಾನರು ವಯಸ್ಸಿನಲ್ಲಿ ಪೈಲ್ವಾನರು. ಮದ್ದೂರು, ಮಳವಳ್ಳಿ ಕಡೆಯೆಲ್ಲ ಕುಸ್ತಿ ಆಡಿದವರು. ಮಂಡಿ ಆಪರೇಷನ್ ಆಗಿ ಗದ್ದೆಗೂ ಹೋಗಲಾರದೆ ಕುಳಿತಾಗ, ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅಳಿಯ ಒಂದು ಭಾನುವಾರ ಬಂದು ಟಿ.ವಿ.ಯಲ್ಲಿ ಟೆನಿಸ್ ಹಾಕಿದ. ಅಳಿಯನಿಗೆ ಅದೇ ಹುಚ್ಚು. ಇವರು ಮೊದಲು ಮುಖ ತಿರುಗಿಸಿದರು. ಆಮೇಲೆ ಪರದೆಯ ಮೇಲೆ ಕೆಂಪು ಮಣ್ಣಿನ ಅಂಗಳ ಬಂತು.

"ಇದೇನಪ್ಪಾ, ನಮ್ ಗರಡಿ ಮಣ್ಣು ಇದ್ದಂಗೈತೆ!" ಎಂದು ಎದ್ದು ಕುಳಿತರು.

ಆ ಮಣ್ಣಿನಲ್ಲಿ ಗೂಳಿಯ ಹಾಗೆ ನುಗ್ಗಿ ಆಡುತ್ತಿದ್ದ ಒಬ್ಬನನ್ನು ಅವತ್ತೇ ತಮ್ಮವನು ಮಾಡಿಕೊಂಡರು. ಅವನ ಮೈಕಟ್ಟು, ಜಾರಿಕೊಂಡು ಹೋಗಿ ಚೆಂಡು ಎತ್ತುವುದು, ಬೆವರು ಒರೆಸುವುದು ಎಲ್ಲ ಇವರಿಗೆ ಬಾಯಿಪಾಠ. ಭಾನುವಾರ ಬಂತೆಂದರೆ ಮಾವ ಅಳಿಯ ಚಾಪೆಯ ಮೇಲೆ, ನಾನು ಒಲೆಯ ಮುಂದೆ. ಆ ಆಟಗಾರ ಆಟ ಬಿಟ್ಟ ದಿನ ಇವರು ರಾತ್ರಿ ಮುದ್ದೆ ಮುರಿಯಲಿಲ್ಲ.

ಕಳೆದ ಮುಂಗಾರಿನಲ್ಲಿ ಅದೇ ಕೆಂಪು ಮಣ್ಣಿನ ಮೇಲೆ ಇಬ್ಬರು ಹೊಸ ಹುಡುಗರು ಆಡುತ್ತಿದ್ದರು. ಮಗಳು ಆಗ ಮೂರು ತಿಂಗಳ ಬಸುರಿ. ಎಲ್ಲರೂ ಟಿ.ವಿ. ಮುಂದೆಯೇ ಊಟಕ್ಕೆ ಕುಳಿತಿದ್ದೆವು.

"ನಮ್ಮೋನು ಇದ್ದಿದ್ರೆ ಈ ಎರಡೂ ಮರಿಗೂ ಮಣ್ಣು ಮುಕ್ಕಿಸ್ತಿದ್ದ" ಎಂದರು ಇವರು.

ಅಳಿಯ ನಕ್ಕ. "ಬುಡಿ ಮಾವ. ಆ ಕಾಲ್ದಲ್ಲಿ ನಿಮ್ಮೋನೂ ಸೇರಿ ಮೂವರು ಬಿಟ್ರೆ ಮಿಕ್ಕೋರು ಸಪ್ಪೆ. ಎಲ್ಲಾ ಅಂಗಳಾನೂ ಒಂದೇ ತರ ಮಾಡ್ಬುಟ್ರು, ಅದೇ ಮೂವರು ಎಲ್ಲಾ ಕಡೆ ಗೆದ್ರು. ಅದಕ್ಕೂ ಮುಂಚೆ ನೋಡಿ, ಹುಲ್ಲಿನ ಅಂಗಳದಾಗೆ ಗೆಲ್ಲಾಕೆ ಒಬ್ಬ, ಮಣ್ಣಿಗೆ ಒಬ್ಬ. ಅದು ಪೈಪೋಟಿ! ಎದುರಾಳಿ ಸಪ್ಪೆ ಇದ್ರೆ ಯಾರ್ ಬೇಕಾದ್ರೂ ಗೆಲ್ತಾರೆ."

ಇವರ ಕೈ ತಟ್ಟೆಯಲ್ಲೇ ನಿಂತಿತು. ಅರ್ಧ ಊಟದಲ್ಲಿ ಎದ್ದು ಹಿತ್ತಲಿಗೆ ಹೋದರು. ಮನೆಗೆ ಬಂದ ಅಳಿಯ ಉಣ್ಣುತ್ತಿರುವಾಗ ಮಾವ ಎದ್ದು ಹೋಗುವುದೆಂದರೆ ನಮ್ಮ ಕಡೆ ಕೆನ್ನೆಗೆ ಹೊಡೆದ ಹಾಗೆ. ಅವನೂ ಕೈ ತೊಳೆದು, ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಳವಳ್ಳಿಯ ತನ್ನ ಮನೆಗೆ ಹೊರಟುಬಿಟ್ಟ.

"ಯಾವನೋ ಪರದೇಶದೋನ ಬಗ್ಗೆ ಅಂದಿದ್ದಕ್ಕೆ ಅಳಿಯನ್ನ ಕಳ್ಕೊಂಡ್ರಲ್ಲ!" ಎಂದು ನಾನು ಕೂಗಾಡಿದೆ.

"ಅವ್ನ್ಗಲ್ಲ ಕಣೆ ಅಂದಿದ್ದು, ನನ್ಗೆ" ಎಂದರು.

ಆಗ ನನಗೆ ಅರ್ಥವಾಯಿತು. ಕುಸ್ತಿಯಲ್ಲಿ ಹಿರಿಯರು ಇಬ್ಬರ ಮೈ, ವಯಸ್ಸು ನೋಡಿ ಜೋಡಿ ಕಟ್ಟುತ್ತಾರೆ. ಎದುರಾಳಿ ಸಪ್ಪೆ ಅಂದರೆ ಜೋಡಿ ಕಟ್ಟಿದ ಹಿರಿಯರೂ ಕಳ್ಳರು, ಗೆದ್ದವನೂ ಕಳ್ಳ. ಗರಡಿಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಇವರು ತಾವು ಗೆದ್ದ ಕುಸ್ತಿಗಳ ಕಥೆಯನ್ನು ಅಳಿಯನಿಗೆ ಎಷ್ಟು ಸಲ ಹೇಳಿಲ್ಲ! ಅದನ್ನೆಲ್ಲ ಅವನು ಒಂದೇ ಮಾತಿನಲ್ಲಿ ತೆಗೆದುಹಾಕಿದ ಎಂದುಕೊಂಡರು. ಪಾಪ, ಆ ಹುಡುಗ ಗರಡಿಯ ಬಾಗಿಲೂ ಕಂಡವನಲ್ಲ.

"ಅವ್ನೇ ಬಂದು ತಪ್ಪಾಯ್ತು ಅನ್ಲಿ" ಎಂದು ಇವರು. ಅವರೇ ಕರೆಯಲಿ ಎಂದು ಅವನು. ಗದ್ದೆಗೆ ನಾಲೆ ನೀರು ಬಂತು, ನಾಟಿಯಾಯಿತು, ಕೊಯ್ಲೂ ಆಯಿತು, ಇಬ್ಬರೂ ಜಪ್ಪಯ್ಯ ಅನ್ನಲಿಲ್ಲ. ಇವರು ಟಿ.ವಿ.ಗೆ ಬಟ್ಟೆ ಹೊದಿಸಿ ಇಟ್ಟರು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅಪ್ಪನೂ ಅಮ್ಮನೂ ಹೋಗಿ, ಬೀಗರ ಒಪ್ಪಿಗೆ ಕೇಳಿ, ಮಗಳನ್ನು ಕರೆತರಬೇಕು. ಇವರು ಹೊರಡಲಿಲ್ಲ. ತಡೆಯಲಾರದೆ ನಾನೊಬ್ಬಳೇ ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿಗೆ ಹೋದೆ. ಬೀಗಿತಿ ಒಳ್ಳೆಯವರೇ, ಕಾಫಿ ಕೊಟ್ಟರು. ಆದರೆ ಹೇಳಿಯೂಬಿಟ್ಟರು:

"ನಿಮ್ ಯಜಮಾನ್ರು ಹೊಸ್ಲು ತುಳೀದೆ ಬಸುರಿ ಹೆಣ್ನ ಎಂಗಮ್ಮ ಕಳ್ಸಾದು? ನಾಳೆ ನಾಕ್ ಜನ ಏನಂದಾರು?"

ಮಗಳು ಬಸ್ ಸ್ಟಾಂಡಿನವರೆಗೆ ಬಂದಳು. ಕಾಲು ಊದಿಕೊಂಡಿತ್ತು. "ಅವ್ವ, ನಂಗೆ ಹೆದ್ರಿಕೆ ಆಯ್ತದೆ, ನೀನ್ ಜೊತೇಲಿರ್ಬೇಕು" ಅಂದಳು. ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ದಾರಿಯುದ್ದಕ್ಕೂ ಆ ಹಾಳು ಚೆಂಡಿನಾಟ ಕಂಡುಹಿಡಿದವನನ್ನು ಶಪಿಸಿದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಅಳಿಯ ನನಗೆ ಫೋನ್ ಮಾಡಿದ. "ಅತ್ತೆ, ನೋವು ಕಾಣಿಸ್ಕೊಂಡದೆ. ಬಿಪಿ ಜಾಸ್ತಿ ಅಂತ ಇಲ್ಲಿ ಡಾಕ್ಟ್ರು ಮಂಡ್ಯದ ಆಸ್ಪತ್ರೆಗೆ ಬರ್ಕೊಟ್ರು." ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಇವರು ಕೋಲು ಹಿಡಿದು ಬೀದಿಯಲ್ಲಿ ಆಟೋ ನಿಲ್ಲಿಸಿದ್ದರು.

ಆಸ್ಪತ್ರೆಯ ಬೆಂಚಿನ ಈ ತುದಿಗೆ ಇವರು, ಆ ತುದಿಗೆ ಅಳಿಯ, ನಡುವೆ ಬೀಗಿತಿ ಮತ್ತು ನಾನು. ಒಳಗಿನಿಂದ ಮಗಳ ನರಳಾಟ. ಮಧ್ಯಾಹ್ನವಾದರೂ ಏನೂ ಇಲ್ಲ. ಡಾಕ್ಟರಮ್ಮ ಬಂದು, "ಬಿಪಿ ಇನ್ನೂ ಇಳೀತಿಲ್ಲ, ನೋಡೋಣ" ಎಂದು ಒಳಗೆ ಹೋದರು. ಅಳಿಯನ ಮೊಬೈಲಿನಲ್ಲಿ ಟೆನಿಸ್ ಓಡುತ್ತಿತ್ತು, ಸದ್ದಿಲ್ಲದೆ. ಅವನು ಅದನ್ನು ನೋಡುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದ.

ನನಗೆ ತಡೆಯಲಾಗಲಿಲ್ಲ. ಎದ್ದು ಅವನ ಹತ್ತಿರ ಹೋಗಿ, ಜೋಡಿ ಕಟ್ಟುವುದೆಂದರೇನು, ಅವತ್ತು ಇವರು ಯಾಕೆ ಎದ್ದರು, ಎಲ್ಲ ಹೇಳಿಬಿಟ್ಟೆ.

"ಅಯ್ಯೋ ಅತ್ತೆ! ನಾನ್ ಮಾವನ್ಗೆ ಅಂತೀನಾ? ಟಿ.ವಿ.ಲಿರೋನ್ಗೆ ಅಂದಿದ್ದು!"

"ಅದ್ನ ಅವ್ರಿಗೇಳಪ್ಪ."

ಅವನು ಹೋಗಿ ಇವರ ಪಕ್ಕದಲ್ಲಿ ಕುಳಿತ.

"ಮಾವ, ಗರಡಿ ಇಚಾರ ನಂಗೊತ್ತಿರ್ಲಿಲ್ಲ. ನಿಮ್ಮನ್ನ ಅಂದಿದ್ದಲ್ಲ."

ಇವರ ಕಣ್ಣು ಮೊಬೈಲಿನ ಮೇಲೆ ಇಳಿಯಿತು. "ಆ ಹುಡ್ಗ ಯಾಕ್ಲಾ ಕಾಲು ಎಳೀತವ್ನೆ?" ಎಂದರು.

"ಸುಸ್ತಾಗವ್ನೆ ಮಾವ. ಆದ್ರೂ ಬುಡಲ್ಲ ಅವ್ನು."

"ನಮ್ಮೋನ್ಗೆ ಸುಸ್ತೇ ಆಯ್ತಿರ್ಲಿಲ್ಲ."

"ಅಲ್ಲಾ ಮಾವ, ಅವ್ನು ಆಟ ಬುಟ್ಟ, ಇವ್ನು ಈಗ ಬಂದ. ಇವರಿಬ್ರಿಗೆ ನೀವಾದ್ರೂ ಜೋಡಿ ಕಟ್ಟೀರಾ?"

ಇವರು ಯೋಚಿಸಿದರು. "ಕಟ್ಟಕಾಗಲ್ಲ. ಒಬ್ಬನ ವಯಸ್ಸು ಇನ್ನೊಬ್ಬನ್ಗೆ ಸಿಕ್ಕಲ್ಲ, ಆ ಬ್ಯಾಟೂ ಬೇರೆ, ಈ ಬ್ಯಾಟೂ ಬೇರೆ." ಆಮೇಲೆ ಕೋಲು ಕುಟ್ಟಿ, "ಕಟ್ಟಿದ್ರೆ ಮಾತ್ರ ನಮ್ಮೋನೇ ಗೆಲ್ಲಾದು" ಎಂದರು.

"ಎಲ್ಲಾಯ್ತದೆ ಮಾವ! ಇವ್ನ ಏಟಿನ ಬಿರುಸು ನೋಡಿ!"

ಇಬ್ಬರ ದನಿಯೂ ಏರಿತು. ನರ್ಸಮ್ಮ ಬಾಗಿಲು ತೆಗೆದು, "ಒಳಗೆ ಹೆಣ್ಣುಮಗಳು ಜೀವ ಬಿಡ್ತಾವ್ಳೆ, ನಿಮ್ದು ಇಲ್ಲಿ ಪಂದ್ಯ! ನಾಚ್ಕೆ ಆಗಲ್ವಾ?" ಎಂದು ಗದರಿದರು. ಅಳಿಯ ಮೊಬೈಲನ್ನು ಜೇಬಿಗೆ ತುರುಕಿದ. ಇವರು ಅವನ ತೊಡೆಯ ಮೇಲೆ ಕೈಯಿಟ್ಟರು, ತೆಗೆಯಲಿಲ್ಲ. ಆ ಹೊತ್ತು ಕಳೆದದ್ದು ನನಗೆ ನೆನಪೇ ಇಲ್ಲ. ನೆನಪಿರುವುದು ಮಗುವಿನ ಅಳು, ಆಮೇಲೆ ತಾಯಿಗೂ ಬಿಪಿ ಇಳಿಯಿತು ಎಂದ ಡಾಕ್ಟರಮ್ಮನ ಮಾತು.

"ತೂಕ ಎಷ್ಟಮ್ಮ?" ಎಂಬುದು ಇವರ ಮೊದಲ ಮಾತು. ಅವತ್ತಿನ ಆಟ ಯಾರು ಗೆದ್ದರೋ, ಇಬ್ಬರೂ ಕೇಳಲಿಲ್ಲ.

ಮಗುವನ್ನು ನೋಡಿ ಹೊರಬಂದವರೇ ಇವರು ಬೀಗಿತಿಯ ಮುಂದೆ ನಿಂತು ಕೈಮುಗಿದರು. "ಅಮ್ಮ, ಮಗೂನೂ ಬಾಣಂತಿನೂ ನಮ್ಮನೆಗೆ ಕರ್ಕೊಂಡೋಯ್ತೀನಿ. ಒಪ್ಗೆ ಕೊಡಿ."

"ಈಗ ನೆಪ್ಪಾಯ್ತಾ ಬೀಗ್ರಿಗೆ? ಓಗ್ಲಿ, ಕರ್ಕೊಂಡೋಗಿ. ನಾನೂ ಬತ್ತೀನಿ, ಎರಡ್ ದಿನ ಇದ್ದು ಓಯ್ತೀನಿ" ಎಂದರು ಬೀಗಿತಿ.

ನಾನು ಆಟೋದಲ್ಲಿ ಮನೆಗೆ ಓಡಿ, ಮುದ್ದೆ, ಅವರೆಕಾಳಿನ ಸಾರು, ಮಗಳಿಗೆ ಮೆಣಸಿನ ಸಾರು ಅನ್ನ ಮಾಡಿಕೊಂಡು ಕತ್ತಲಾಗುವುದರೊಳಗೆ ವಾಪಸ್ಸು ಬಂದೆ. ಮಗಳ ಮಂಚದ ಸುತ್ತ ಎಲ್ಲರೂ ಕುಳಿತೆವು. ಮಗು ಮಗಳ ಪಕ್ಕದಲ್ಲಿ ಮಲಗಿತ್ತು. ಅಳಿಯ ಮುದ್ದೆ ಇನ್ನೊಂದು ಬೇಕೆಂದ. ಬೀಗಿತಿ ತಮ್ಮದರಲ್ಲಿ ಅರ್ಧ ಮುರಿದು ಅವನಿಗೆ ಹಾಕಿದರು, ಇವರು ಅದಕ್ಕೆ ಸಾರು ಬಿಟ್ಟರು. ಮಗಳು ಮಂಚದಿಂದಲೇ ನಮ್ಮ ತಟ್ಟೆಗಳನ್ನು ನೋಡುತ್ತ, "ಅವ್ವ, ನಂಗೂ ಒಂದೀಟು ಅವರೆಕಾಳು" ಎಂದಳು. "ಬಾಣಂತಿಗೆ ಆಗಲ್ಲ, ಸುಮ್ಕೆ ಉಣ್ಣು" ಎಂದು ನಾನೂ ಬೀಗಿತಿಯೂ ಒಟ್ಟಿಗೇ ಹೇಳಿದೆವು. ಅವಳು ಮುಖ ಊದಿಸಿಕೊಂಡು ಮೆಣಸಿನ ಸಾರು ಕಲಸಿದಳು. ಎಲ್ಲರೂ ಉಂಡೆವು.