ಅಕ್ಕ ಬಿಟ್ಟ ಉಪ್ಪು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದ್ದೇನೆ. ನಾಳೆ ಹೇಳಿದರಾಯಿತು ಎನ್ನುತ್ತಾ ಎಪ್ಪತ್ತು ದಾಟಿತು. ಈಗಲೂ ಹೇಳುತ್ತಿರಲಿಲ್ಲವೇನೋ... ಮೊನ್ನೆ ತೀರ್ಥಹಳ್ಳಿಯ ಮಗಳ ಮನೆಯಲ್ಲಿ ಉಪ್ಪಿಗೆ ಹಾಕಿದ್ದ ಅಪ್ಪೆಮಿಡಿ ಮಾವಿನ ಜಾಡಿ ತೆಗೆದರು. ಸೊನೆ, ಉಪ್ಪುನೀರಿನ ಆ ಘಾಟು ಮೂಗಿಗೆ ಬಡಿಯಿತು. ಹೋದ ವರ್ಷದ ಮಿಡಿಗಳು ಚಿರುಟಿಕೊಂಡು, ಕೊಳೆಯದೆ ಕೂತಿದ್ದವು.

ಅದೇ ಹೊತ್ತಿಗೆ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮೊಮ್ಮಗಳು ಒಣಗಿ ಉಳಿದ ಹಳೆಯ ಹೆಣಗಳ ವಿಷಯ ತೆಗೆದಳು. ಸಾವಿರಾರು ವರ್ಷದ ಹಿಂದೆ ಸತ್ತವರ ಹೊಟ್ಟೆಯಲ್ಲಿ, ಹಲ್ಲಿನ ಕಿಟ್ಟದಲ್ಲಿ ಇದ್ದ ಸೂಕ್ಷ್ಮಜೀವಿಗಳ ಡಿಎನ್ಎಯನ್ನು ಈಗ ಓದುತ್ತಾರಂತೆ.

"ಕೊಳೆಸೋದು ಮಣ್ಣೊಂದೇ ಅಲ್ಲ ಅಜ್ಜ, ನಮ್ಮ ಹೊಟ್ಟೆಯೊಳಗಿನ ಜೀವಿಗಳೇ ಶುರು ಮಾಡ್ತವೆ. ಉಪ್ಪು ಮೈಯೊಳಗಿನ ನೀರನ್ನೆಲ್ಲ ಹೀರಿಬಿಟ್ರೆ ಅವುಕ್ಕೆ ಕೆಲಸ ಇಲ್ಲ. ಹೆಣ ಹಾಗೇ ಒಣಗುತ್ತೆ."

"ಊಟದ ಹೊತ್ತಲ್ಲಿ ಎಂಥ ಮಾತೇ ನಿಂದು!" ಮಗಳು ಗದರಿದಳು. ನನ್ನ ತುತ್ತು ಕೈಯಲ್ಲೇ ಉಳಿಯಿತು.

ಹೊಸನಗರದ ಹತ್ತಿರದ ನಮ್ಮೂರಲ್ಲಿ, ಪಕ್ಕದ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ಒಡಹುಟ್ಟಿದವಳಲ್ಲ; ಆದರೂ ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದಳು. ಆಗ ನನ್ನದು ಮಿಡಿ ವ್ಯಾಪಾರ. ಕಾಡಿನಂಚಿನ ಮರಗಳಿಂದ ಕೊಯ್ಯಿಸಿ, ಉಪ್ಪಿನಲ್ಲಿ ಹಾಕಿ, ಸಾಗರದ ಪೇಟೆಗೆ ಕಳಿಸುವುದು. ಒಂದು ಮಿಡಿಯ ಕಾಲದಲ್ಲೇ ಅವಳ ಗಂಡ ತೀರಿಕೊಂಡ. ಅವನನ್ನು ನಾನು ಭಾವ ಎನ್ನುತ್ತಿದ್ದೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತೇವೆ. ಗುಂಡಿಯ ಪಕ್ಕಕ್ಕೆ ಗೂಡು ಕೊರೆದು, ಅದರೊಳಗೆ ಕೂರಿಸಿ, ಸುತ್ತ ವಿಭೂತಿ, ಬಿಲ್ವಪತ್ರೆ ತುಂಬಿ, ಒಂದೆರಡು ಹಿಡಿ ಉಪ್ಪು ಹಾಕುವುದು ಪದ್ಧತಿ.

"ಮಠಕ್ಕೆ ಹೋಗಿ ವಿಭೂತಿ ತಾ ತಮ್ಮಾ. ಗೂಡು ತುಂಬ ಬೇಕು ಅವ್ರಿಗೆ," ಎಂದು ಅಕ್ಕ ಅಳುತ್ತಾ ಹೇಳಿದ್ದಳು.

ನಾನು ಹೋಗಲಿಲ್ಲ. ಬೆಳಿಗ್ಗೆ ಕೊಯ್ದ ಮಿಡಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ಅಂದೇ ಉಪ್ಪಿಗೆ ಹಾಕದಿದ್ದರೆ ಮೆತ್ತಗಾಗುತ್ತಿತ್ತು. ಮಠಕ್ಕೆ ಹೋಗಿ ಬರುವ ಹೊತ್ತನ್ನು ಮಿಡಿಗೆ ಕೊಟ್ಟೆ. ಮಿಕ್ಕಿದ್ದ ಎರಡು ಮೂಟೆ ಹರಳುಪ್ಪನ್ನು ಮಠದ ವಿಭೂತಿಯೆಂಬಂತೆ ತಂದು, ಗೂಡಿಗೆ ನಾನೇ ಇಳಿದು, ಭಾವನ ಕುತ್ತಿಗೆಯವರೆಗೆ ತುಂಬಿದೆ. ಮೇಲೆ ನಮ್ಮ ದೇವರ ಕೋಣೆಯ ನಾಲ್ಕು ವಿಭೂತಿ ಉಂಡೆ ಪುಡಿ ಮಾಡಿ ಉದುರಿಸಿದೆ. ಮೇಲಿನಿಂದ ನೋಡಿದವರಿಗೆ ಎಲ್ಲ ಬಿಳಿಯೇ...

ನಾಲ್ಕು ವರ್ಷದ ಮೇಲೆ ರಸ್ತೆ ಅಗಲ ಮಾಡಲು ಆ ಜಾಗ ಹೋಯಿತು. ಮೂಳೆಗಳನ್ನು ಬೇರೆಡೆ ಹೂಳೋಣವೆಂದು ಗುಂಡಿ ತೆಗೆದರೆ, ಭಾವನೇ ಕೂತಿದ್ದ. ಚರ್ಮ ಕಂದಿ, ಒಣಗಿ, ಮಿಡಿಯಂತೆ ಚಿರುಟಿ... ಮೀಸೆ ಕೂಡ ಹಾಗೇ ಇತ್ತು. ದಿಬ್ಬದ ಗಟ್ಟಿ ಜಂಬಿಟ್ಟಿಗೆಯಲ್ಲಿ ಕೊರೆದ ಗೂಡಿಗೆ ಮಳೆನೀರು ಇಳಿದಿರಲಿಲ್ಲ; ಸುತ್ತ ಗಡ್ಡೆ ಕಟ್ಟಿದ್ದ ಬಿಳುಪನ್ನು ಎಲ್ಲರೂ ವಿಭೂತಿ ಎಂದೇ ತಿಳಿದರು.

"ಬದುಕಿದ್ದಾಗ ಯಾರ ಮಾತೂ ಕೇಳ್ಲಿಲ್ಲ ಅಣ್ಣ. ಈಗ ಮಣ್ಣಿನ ಮಾತೂ ಕೇಳ್ತಾ ಇಲ್ಲ," ಎಂದು ಭಾವನ ತಮ್ಮ ನಗಿಸಲು ನೋಡಿದ. ಹಿಂದಿನಿಂದ ಯಾರೋ, "ಏನೋ ಕೊರಗು ಇಟ್ಕೊಂಡೇ ಹೋಗಿದಾನೆ, ಅದಕ್ಕೇ ಮಣ್ಣು ಮುಟ್ಟಿಲ್ಲ," ಎಂದರು.

ಅಕ್ಕ ಬಿಳಿಚಿಕೊಂಡಳು. ಸಾಯುವ ಹಿಂದಿನ ದಿನ ಇಬ್ಬರಿಗೂ ಜಗಳವಾಗಿ ಭಾವ ಉಣ್ಣದೆ ಮಲಗಿದ್ದ.

"ತಮ್ಮಾ, ನೀನೇ ಅಲ್ವಾ ಕೂರ್ಸಿದ್ದು? ವಿಭೂತಿ ಸರಿಯಾಗಿ ಹಾಕಿದ್ಯಲ್ಲ?"

"ಗೂಡು ತುಂಬ ಹಾಕಿದೀನಕ್ಕಾ."

"ಹಂಗಾದ್ರೆ ನಂದೇ ಪಾಪ," ಎಂದಳು.

ಮೊಮ್ಮಗಳು ಹೇಳಿದ್ದೆಲ್ಲ ಆಗ ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಉಪ್ಪು ಏನು ಮಾಡುತ್ತದೆಂದು ಮಿಡಿ ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಿಜ ಹೇಳಿದರೆ ಮಠಕ್ಕೆ ಹೋಗದಿದ್ದುದನ್ನೂ ಹೇಳಬೇಕಿತ್ತು. ಭಾವನನ್ನು ಹೊಸ ಗುಂಡಿಗೆ ಇಳಿಸಿ ಮನೆಗೆ ಬಂದೆ.

ಮರುದಿನದಿಂದ ಅಕ್ಕ ಉಪ್ಪು ಬಿಟ್ಟಳು. ಗಂಡ ಮಣ್ಣಾಗಲಿ ಎಂದು ಹರಕೆ. ಹದಿನೇಳು ವರ್ಷ ಸಪ್ಪೆ ಅನ್ನ ಉಂಡಳು. ನಾನು ಹೋದಾಗ ಮಾತ್ರ ಎಲೆಯ ತುದಿಗೆ ಉಪ್ಪು ಬಡಿಸಿ, "ನಿಂಗ್ಯಾಕೆ ಸಪ್ಪೆ ತಮ್ಮಾ, ನೀನೇನು ತಪ್ಪು ಮಾಡಿದೀಯ?" ಎಂದು ನಗುತ್ತಿದ್ದಳು. ಉಂಡು ಬರುತ್ತಿದ್ದೆ.

ಅಕ್ಕ ತೀರಿಕೊಂಡಾಗ ಮಠಕ್ಕೆ ನಾನೇ ಹೋದೆ. ಗೂಡು ತುಂಬುವಷ್ಟು ವಿಭೂತಿ ತಂದೆ. ಯಾರೋ ಉಪ್ಪಿನ ಬಟ್ಟಲು ಚಾಚಿದರು. "ಬೇಡ, ಅಕ್ಕ ಉಪ್ಪು ಬಿಟ್ಟಿದಾಳೆ," ಎಂದೆ. ಗೂಡಿಗೆ ಇಳಿದು ವಿಭೂತಿಯನ್ನೇ ಕುತ್ತಿಗೆಯವರೆಗೆ ತುಂಬಿದೆ.

ಮೊನ್ನೆ ಮಗಳು ಒಂದು ಮಿಡಿ ತೆಗೆದು ನನ್ನ ಎಲೆಗೆ ಹಾಕಿದಳು. ಅದನ್ನು ಪಕ್ಕಕ್ಕೆ ಸರಿಸಿ ಎದ್ದುಬಿಟ್ಟೆ. ಕೇಳುವವಳು ಇರುವಾಗ ಹೇಳದೆ, ಈಗ ಕಾಗದಕ್ಕೆ ಹೇಳುತ್ತಿದ್ದೇನೆ. ತಪ್ಪಾಯಿತು ಎಂಬ ಒಂದು ಮಾತೂ ಹೇಳದೆ ಪಕ್ಕದ ಮನೆಯ ಆ ಅಕ್ಕನನ್ನು ಮಣ್ಣಿಗೆ ಕಳಿಸಿಕೊಟ್ಟೆ.