ಹೊಗೆ ನೆಟ್ಟಗೆ ನಿಂತಷ್ಟು ಹೊತ್ತು

ವಳಸಂಗದ ಟೆಂಪೊ ಡ್ರೈವರ್ ಅಶಪಾಕನನ್ನು ಊರವರು ಅಂಜುಬುರುಕ ಅನ್ನುತ್ತಾರೆ. ಆ ದಿನ ಅವನ ಸೀಟಿನಲ್ಲಿ ಕೂತಿದ್ದರೆ ಹಾಗನ್ನುವವರ ಧೋತರ ಅಲ್ಲೇ ಸಡಿಲಾಗುತ್ತಿತ್ತು.

ಆಷಾಢದ ಗಾಳಿ ಬೀಸುತ್ತಿತ್ತು. ಮಾಡಗ್ಯಾಳದ ಕುರಿಗಾರತಿ ಹಾಲವ್ವನ ಕುರಿಗಳಿಗೆಂದು ಜೋಳದ ಒಣ ದಂಟಿನ ಕಣಕಿ ಹೇರಿಕೊಂಡು ಹೊರಟಿದ್ದ; ಮುದುಕಿ ಪಕ್ಕದಲ್ಲೇ ಕೂತಿದ್ದಳು. ಊರ ಅಂಚಿನಲ್ಲಿ ಜೋತುಬಿದ್ದ ಕರೆಂಟಿನ ತಂತಿಗೆ ಹೇರು ತಾಗಿ ಕಿಡಿ ಹಾರಿತು. ಅಶಪಾಕ ಕನ್ನಡಿಯಲ್ಲಿ ನೋಡಿದರೆ ಕಣಕಿಗೆ ಬೆಂಕಿ ಹತ್ತಿತ್ತು. ಟೆಂಪೊ ಅವನ ಅನ್ನ, ನಿಜ. ಆದರೆ ಮುಂದೆ ರಸ್ತೆಯ ಎರಡೂ ಬದಿಗೆ ಮೇವಿನ ಬಣವಿಗಳು, ಅವುಗಳ ಬೆನ್ನಿಗೇ ಮನೆಗಳು. ಅವನ್ನೆಲ್ಲ ದಾಟಿದ ಮೇಲೆ ಕೆರೆ. ಹಿಂದಿನಿಂದ ಬೀಸುತ್ತಿದ್ದ ಗಾಳಿಯೂ ಅತ್ತಲೇ ಹೊರಟಿತ್ತು.

“ನಿಲ್ಲಸೋ, ನಿಲ್ಲಸೋ!” ಎಂದು ಜನ ಕೂಗಿದರು. ನಿಲ್ಲಿಸಿದರೆ ಗಾಳಿ ಕಿಡಿಗಳನ್ನು ಹೊತ್ತು ಬಣವಿಗೆ ಸುರಿಯುತ್ತಿತ್ತು. ದಿಕ್ಕು ತೋಚದೆ ಅವನು ಜೋರಾಗಿ ಓಡಿಸಿದ. ಎದುರುಗಾಳಿ ಹುಟ್ಟಿ ಬೆಂಕಿ ಭರ್ರೆಂದಿತು.

“ಏನ್ ಮಾಡ್ಲಿ ಎವ್ವಾ?”

“ಓಡ್ಸಿದ್ರ ನಿನ್ನ ಗಾಳಿ, ನಿಂತ್ರ ದೇವ್ರ ಗಾಳಿ. ಎರಡೂ ಸಮ ಆಗೂಹಂಗ ನಡಸು ತಮ್ಮಾ. ಹೊಗಿ ನಾ ನೋಡತೀನಿ,” ಎಂದು ಹಾಲವ್ವ ಕಿಟಕಿಯಿಂದ ತಲೆ ಹೊರಹಾಕಿದಳು. “ಹಿಂದಕ್ಕ ಬಾಗೇತಿ, ಸಾವಕಾಶ ನಡಿ. ಈಗ ಮುಂದ ಬರಾಕತ್ತೈತಿ, ಜರಾ ಓಡಸು. ಹಾಂ! ನೆಟ್ಟಗ ನಿಂತೈತಿ, ಹಿಂಗ ಹೋಗು!”

ಟೆಂಪೊ ಗಾಳಿಯ ವೇಗಕ್ಕೇ ಓಡುತ್ತಿತ್ತು. ಬೆನ್ನ ಹಿಂದೆ ಬೆಂಕಿ, ಕಿಟಕಿಯಲ್ಲಿ ಉಸಿರಿನಷ್ಟೂ ಗಾಳಿಯಿಲ್ಲ. ಆ ಸ್ತಬ್ಧತೆಯೇ ಅವನನ್ನು ಹೆಚ್ಚು ಹೆದರಿಸಿತು. ಕಾಲು ಒಂದು ಕೂದಲೆಳೆ ಹೆಚ್ಚು ಒತ್ತೀತೇ, ಕಡಿಮೆ ಒತ್ತೀತೇ ಎಂದು ಮೈಯೆಲ್ಲ ಬೆವರಿತು. ಬಣವಿಗಳು ಒಂದೊಂದಾಗಿ ಹಿಂದೆ ಸರಿದವು.

ಕೆರೆಯ ನೀರಿಗೆ ಗಾಲಿ ಇಳಿದು ಟೆಂಪೊ ನಿಂತದ್ದೇ ತಡ, ಅಷ್ಟು ಹೊತ್ತು ಇಲ್ಲವೆನಿಸಿದ್ದ ಗಾಳಿ ಬೆನ್ನಿಗೆ ಬಂದು ಹೊಡೆಯಿತು. ಉರಿ ಎದ್ದು ಡ್ರೈವರ್ ಸೀಟಿನ ಮೇಲೆ ಬಿತ್ತು. ಇಬ್ಬರೂ ಅಷ್ಟರಲ್ಲಿ ನೀರಿಗೆ ಹಾರಿದ್ದರು. ಟೆಂಪೊ ಉಳಿಯಲಿಲ್ಲ, ಕಣಕಿಯೂ ಉಳಿಯಲಿಲ್ಲ.

ಈಗ ಅಶಪಾಕ ಬೇರೆಯವರ ಟೆಂಪೊ ಓಡಿಸುತ್ತಾನೆ. ಹಾದಿಯಲ್ಲಿ ಮುಖಕ್ಕೆ ಗಾಳಿ ತಾಗದಿದ್ದರೆ ಪಕ್ಕದಲ್ಲಿ ಕೂತವರು, “ಇವತ್ತ ಗಾಳೀನ ಇಲ್ಲ, ಚಲೋ ಆತು,” ಅನ್ನುತ್ತಾರೆ. ಅವನು ತಕ್ಷಣ ಬದಿಗೆ ನಿಲ್ಲಿಸಿ, ಇಳಿದು, ಹೇರಿನ ಸುತ್ತ ಬಂದು ನೋಡುತ್ತಾನೆ. ಜನ ನಗುತ್ತಾರೆ. ನಗುವವರ ಬಣವಿಗಳು ಇಂದಿಗೂ ಆ ರಸ್ತೆಯ ಬದಿಗೇ ನಿಂತಿವೆ.